ಎರಡು ಮಾರು ಗದ್ದಲ

ಹೊಸಬೆಂಗ್ರೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಕೇಳಿಸುವುದಿಲ್ಲ. ಒಲೆಯ ಮುಂದೆ ನಿಂತು, ಆವಿ ಎಷ್ಟು ಸಲ ಎದ್ದಿತೆಂದು ಕಣ್ಣಲ್ಲೇ ಎಣಿಸಬೇಕು. ಹೊಸತರಲ್ಲಿ ನಾನು ಎಷ್ಟೋ ದಿನ ತೊಗರಿಬೇಳೆಯನ್ನು ಗಂಜಿ ಮಾಡಿ ಇಟ್ಟಿದ್ದೇನೆ. ಮೀನಿನ ಹೆಂಗಸು ಬೀದಿಯಲ್ಲಿ ಕೂಗುವುದಿಲ್ಲ, ಬುಟ್ಟಿಯನ್ನು ಕಿಟಕಿಯ ಕೆಳಗೆ ಇಟ್ಟು ಸುಮ್ಮನೆ ನಿಲ್ಲುತ್ತಾಳೆ. ಬಂಗುಡೆಯ ವಾಸನೆ ಒಳಗೆ ಬಂದರೆ ನಾವು ಹೊರಗೆ ಹೋಗುತ್ತೇವೆ. ಬೀದಿನಾಯಿಗಳು ಬೊಗಳಿ ಬೊಗಳಿ, ತಮ್ಮ ಸ್ವರ ತಮಗೇ ಸರಿಯಾಗಿ ಕೇಳದೆ ಪೆಚ್ಚಾಗಿ, ಈಗ ಬೊಗಳುವುದನ್ನೇ ಬಿಟ್ಟಿವೆ. ಗಂಡ ಹೆಂಡತಿ ಮನಸ್ಸು ಬಿಚ್ಚಿ ಜಗಳವಾಡಬೇಕಾದರೆ ನದಿ ದಾಟಿ ಮಂಗಳೂರಿಗೆ ಹೋಗಬೇಕು.

ಊರಿಗೆ ಈ ಮೌನವನ್ನು ತಂದವರಲ್ಲಿ ನಾನೂ ಒಬ್ಬಳು. ನನ್ನ ಹೆಸರು ಹರಿಣಾಕ್ಷಿ. ಶಬ್ದ ನಿಯಂತ್ರಣ ಕೇಂದ್ರದಲ್ಲಿ ಎಂಜಿನಿಯರ್. ಬಂದರು ದೊಡ್ಡದಾಗಿ, ಹಗಲು ರಾತ್ರಿ ಕ್ರೇನುಗಳು ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಕುಕ್ಕಲು ಶುರುಮಾಡಿದಾಗ ನದಿಯ ಈಚೆ ದಡದಲ್ಲಿದ್ದ ನಮ್ಮ ಬಡಾವಣೆಯಲ್ಲಿ ಯಾರಿಗೂ ನಿದ್ದೆ ಇಲ್ಲದಾಯಿತು. ಊರು ಬಿಡಿ, ಇಲ್ಲವೇ ಕಂಬ ನೆಡಲು ಬಿಡಿ ಎಂದಿತು ಸರಕಾರ. ಜನ ಕಂಬವನ್ನು ಆರಿಸಿಕೊಂಡರು. ಈಗ ನಮ್ಮಲ್ಲಿ ನೂರಿಪ್ಪತ್ತು ಕಂಬಗಳಿವೆ, ಒಂದೊಂದು ಮನೆಯ ಚಾವಣಿಯಲ್ಲೂ ಇಡ್ಲಿ ತಟ್ಟೆಯಷ್ಟು ಅಗಲದ ಒಂದು ಬಿಲ್ಲೆ ಇದೆ. ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಬಿಲ್ಲೆ ಆ ಅಲೆಯನ್ನು ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ಅದರ ತದ್ವಿರುದ್ಧದ ಅಲೆಯನ್ನು ಬಿಡುತ್ತದೆ. ಅದು ಏರಿದಲ್ಲಿ ಇದು ಇಳಿಯುತ್ತದೆ, ಎರಡೂ ಸೇರಿ ಸಮ. ಪೂರ್ತಿ ಮೂಕವಾಗುವುದಿಲ್ಲ. ಮೆಲ್ಲಗೆ ಮಾತಾಡಿದ್ದು ಮೆಲ್ಲಗೇ ಕೇಳುತ್ತದೆ; ಗಂಟಲು ಹರಿಯುವಂತೆ ಕೂಗಿದ್ದೂ ಮೆಲ್ಲಗೆ ಮಾತಾಡಿದಷ್ಟೇ ಕೇಳುತ್ತದೆ. ಅದಕ್ಕಿಂತ ಮೇಲಿನದ್ದನ್ನೆಲ್ಲ ಬಿಲ್ಲೆ ನುಂಗುತ್ತದೆ.

ಕೆಲವು ಸದ್ದುಗಳಿಗೆ ವಿನಾಯಿತಿ ಇದೆ. ಆಂಬುಲೆನ್ಸ್, ಬೆಂಕಿಯ ಗಂಟೆ, ಮೂರು ವರ್ಷದೊಳಗಿನ ಮಕ್ಕಳ ಅಳು, ದೇವಸ್ಥಾನ, ಮಸೀದಿ, ಇಗರ್ಜಿಗಳ ಹೊತ್ತುಹೊತ್ತಿನ ಸದ್ದು, ಮತ್ತು ಗುಡುಗು. ಗುಡುಗನ್ನು ತಡೆಯಲು ನಮ್ಮಿಂದ ಆಗಲಿಲ್ಲ, ಹಾಗಾಗಿ ದೊಡ್ಡ ಮನಸ್ಸು ಮಾಡಿ ವಿನಾಯಿತಿ ಕೊಟ್ಟೆವು. ಆ ಪಟ್ಟಿ ಬರೆದವಳು ನಾನೇ. ಹದಿನೇಳು ಸಲ ತಿದ್ದಿ ಬರೆದಿದ್ದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಅಷ್ಟು ತಿದ್ದಿದರೂ ನನ್ನ ಮನೆಯಲ್ಲೇ ಇದ್ದ ಒಬ್ಬರನ್ನು ಮರೆತಿದ್ದೆ.

ಅವರು ನನ್ನ ಮಾವ, ದಾಮೋದರ ಪುತ್ರನ್. ಮೀನಿನ ಬೋಟುಗಳಲ್ಲಿ ಮೂವತ್ತೆರಡು ವರ್ಷ ಎಂಜಿನ್ ನೋಡಿಕೊಂಡವರು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲೇ ಊಟ, ಪಕ್ಕದಲ್ಲೇ ನಿದ್ದೆ. ಅವರ ಕೈಯಲ್ಲಿ ಎಂಜಿನುಗಳು ಚೆನ್ನಾಗಿ ಬಾಳಿದವು, ಕಿವಿಗಳು ಬಾಳಲಿಲ್ಲ. ಹತ್ತಿರ ಕುಳಿತು ಕೂಗಿದರೆ ಮಾತ್ರ ಕೇಳುತ್ತದೆ. ಕಿವಿಯ ಯಂತ್ರ ತಂದುಕೊಟ್ಟೆವು. ಬಡಾವಣೆಯೊಳಗೆ ಅದನ್ನು ಹಾಕಿಕೊಂಡರೆ ನಮ್ಮ ಬಿಲ್ಲೆಗಳು ಬಿಡುವ ಎದುರಲೆಯೇ ಅದರೊಳಗೆ ದೊಡ್ಡದಾಗಿ ಗುಂಯ್ ಎನ್ನುತ್ತಿತ್ತು. "ಕಿವಿಯೊಳಗೆ ಕಣಜ ಗೂಡು ಕಟ್ಟಿದ ಹಾಗೆ ಆಗ್ತದೆ ಮಗಾ, ನಂಗೆ ಬೇಡ" ಎಂದು ತೆಗೆದು ಕಪಾಟಿನಲ್ಲಿ ಇಟ್ಟುಬಿಟ್ಟರು.

ಹಾಗಾಗಿ ಮನೆಯಲ್ಲಿ ಸ್ಲೇಟು. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ನೇತುಹಾಕಿದ್ದೇವೆ. ನನ್ನ ಗಂಡ ಜಯಾನಂದ ಅದರಲ್ಲಿ ಬರೆಯುತ್ತಾನೆ: "ನೀರು ಬಂತು." "ಮಾತ್ರೆ." "ನಾಳೆ ಕ್ಷೌರ." ಅವನು ಮೊದಲೇ ಮಿತಭಾಷಿ, ಬಂದರಿನ ಶೈತ್ಯಾಗಾರದಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಮಾತೂ ಹೆಪ್ಪುಗಟ್ಟಿದೆ ಎಂದು ನಾನು ಛೇಡಿಸುತ್ತಿದ್ದೆ. ಅತ್ತೆ ತೀರಿಕೊಂಡ ವರ್ಷವೇ ಕಂಬಗಳು ಬಂದವು. ಅಂದಿನಿಂದ ಆರು ವರ್ಷ ಅಪ್ಪ ಮಗ ಸೀಮೆಸುಣ್ಣದಲ್ಲೇ ಸಂಸಾರ ಮಾಡಿದ್ದಾರೆ.

ಮಾತು ಇದ್ದದ್ದು ನದಿ ದಾಟಿಸುವ ಬೋಟಿನಲ್ಲಿ. ನಮ್ಮ ಕೇಂದ್ರ ಇರುವುದು ನದಿಯ ಆಚೆ, ಬೋಟುಗಳು ಬಂದು ನಿಲ್ಲುವ ಮಂಗಳೂರಿನ ದಕ್ಕೆಯ ಹತ್ತಿರ. ಮೌನದ ಕಚೇರಿ ಗದ್ದಲದ ಬಂದರಿನಲ್ಲಿ ಇರುವುದು ಯಾಕೆಂದರೆ, ಹೊಸಬೆಂಗ್ರೆಯೊಳಗೆ ಕಚೇರಿ ಮಾಡಿದರೆ ನಮ್ಮ ಸಾಹೇಬರಿಗೆ ಯಾರನ್ನೂ ಗದರಿಸಲು ಆಗುವುದಿಲ್ಲ. ಬೆಳಿಗ್ಗೆ ಎಂಟು ಹತ್ತಕ್ಕೆ ದಕ್ಕೆಯಿಂದ ಬೋಟು ಬರುತ್ತದೆ, ರಾತ್ರಿ ಪಾಳಿಯ ಜಯಾನಂದ ಅದರಿಂದ ಇಳಿಯುತ್ತಾನೆ, ಅದೇ ಬೋಟಿಗೆ ನಾನೂ ಮಾವನೂ ಹತ್ತುತ್ತೇವೆ. ದಾಟಲು ಹದಿನಾಲ್ಕು ನಿಮಿಷ. "ದಕ್ಕೆಯಲ್ಲಿ ನನ್ನ ಹಳೇ ಜನ ಉಂಟು, ಕೂತು ಮಾತಾಡ್ಲಿಕ್ಕೆ ಹೋಗುದು" ಎಂದು ಮಾವ ಹೇಳುತ್ತಿದ್ದರು. ಆರು ವರ್ಷ, ಒಂದು ದಿನವೂ ತಪ್ಪಿಸಿದವರಲ್ಲ.

ಬೋಟಿನಲ್ಲಿ ಬಿಲ್ಲೆಗಳಿರಲಿಲ್ಲ. ಅಷ್ಟೇ ಅಲ್ಲ, ಅಲ್ಲಿ ಕೂಗುವುದು ಪದ್ಧತಿ. ಮೊದಲಿದ್ದ ಡೀಸೆಲ್ ಬೋಟಿನ ಸದ್ದಿಗೆ ಪಕ್ಕದವರ ಮಾತು ಕೇಳಬೇಕಾದರೆ ಕೂಗಲೇಬೇಕಿತ್ತು. ನಾಲ್ಕು ವರ್ಷದ ಹಿಂದೆ ಬ್ಯಾಟರಿಯ ಬೋಟು ಬಂತು, ಅದು ನೀರಿನ ಮೇಲೆ ಬೆಕ್ಕಿನ ಹಾಗೆ ಹೋಗುತ್ತದೆ. ಆದರೆ ಜನ ಕೂಗುವುದನ್ನು ನಿಲ್ಲಿಸಲಿಲ್ಲ. ಬೋಟಿಗೆ ಕಾಲಿಟ್ಟ ಕೂಡಲೇ ನಮ್ಮವರ ಗಂಟಲು ತಾನಾಗಿ ಎರಡು ಮೆಟ್ಟಿಲು ಮೇಲೆ ಹತ್ತುತ್ತದೆ. ಅದೃಷ್ಟಕ್ಕೆ, ಮಾವನ ಕಿವಿಗೆ ಬೇಕಾದಷ್ಟೇ ಮೆಟ್ಟಿಲು.

ಆ ಹದಿನಾಲ್ಕು ನಿಮಿಷದಲ್ಲಿ ನಾನು ಅವರಿಗೆ ಎಲ್ಲವನ್ನೂ ಹೇಳುತ್ತಿದ್ದೆ. ಕಚೇರಿಯ ರಾಜಕೀಯ, ಜಯಾನಂದನ ಗ್ಯಾಸ್ಟ್ರಿಕ್ಕು, ಮಲ್ಪೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಪ್ರಮೀಳ ಇಬ್ಬರು ಹುಡುಗರನ್ನು ಬೇಡವೆಂದು ಮೂರನೆಯವನನ್ನು ನೋಡಲು ಒಪ್ಪಿದ ಕಥೆ. ಮಾವ ಒಳ್ಳೆಯ ಕೇಳುಗ. ಸರಿಯಾದ ಜಾಗದಲ್ಲಿ "ಹೌದಾ!" ಎನ್ನುತ್ತಾರೆ, ನಗಬೇಕಾದಲ್ಲಿ ತೊಡೆ ತಟ್ಟಿಕೊಂಡು ನಗುತ್ತಾರೆ. ನನ್ನ ತಂದೆ ನಾನು ಚಿಕ್ಕವಳಿರುವಾಗಲೇ ಹೋದವರು. ಹೇಳಲು ಸಂಕೋಚವೇನಿಲ್ಲ, ನನಗೆ ಈ ಮಾವನೆಂದರೆ ಜೀವ.

ಹೀಗಿರುವಾಗ ಕೇಂದ್ರಕ್ಕೆ ಒಂದು ದೂರು ಬಂತು. ಬರೆದವರು ವಿಲ್ಮಾ ಟೀಚರ್. ಕಾಲೇಜಿನಿಂದ ನಿವೃತ್ತರಾಗಿ, ನೆಮ್ಮದಿ ಬೇಕೆಂದು ಹೋದ ವರ್ಷ ನಮ್ಮ ಬಡಾವಣೆಗೆ ಬಂದವರು. ದಿನಾ ಬೆಳಿಗ್ಗೆ ನಗರಕ್ಕೆ ಹೋಗಿ ಇಗರ್ಜಿಯ ಮಕ್ಕಳಿಗೆ ಹಾಡು ಕಲಿಸುತ್ತಾರೆ. "ಬೋಟಿನಲ್ಲಿ ಈಗ ಎಂಜಿನ್ ಸದ್ದಿಲ್ಲ. ಆದರೆ ಎಂಜಿನ್ನಿನ ಕೆಲಸವನ್ನು ಪ್ರಯಾಣಿಕರೇ ವಹಿಸಿಕೊಂಡಿದ್ದಾರೆ. ನಾನು ಒಂದು ಪುಟ ಓದಲಾರೆ. ಮೌನವನ್ನು ಬೋಟಿಗೂ ವಿಸ್ತರಿಸಬೇಕಾಗಿ ವಿನಂತಿ." ಕೆಳಗೆ ಮೂವತ್ತೆಂಟು ಸಹಿ.

ನಮ್ಮ ನಿರ್ದೇಶಕರು ಶೆಣೈ ಸಾಹೇಬರು. ಅವರು ಬೋಟಿನ ಎಲ್ಲ ಸೀಟುಗಳ ಮೇಲೂ ಅಳತೆಯ ಮೈಕು ಇಡಿಸಿ, ಎರಡು ವಾರ ಬಿಟ್ಟು ನಿಯಂತ್ರಣ ಕೊಠಡಿಯಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಮೈಕುಗಳು ಮಾತನ್ನು ದಾಖಲಿಸುವುದಿಲ್ಲ, ಜೋರು ಎಷ್ಟೆಂದು ಮಾತ್ರ ಅಳೆಯುತ್ತವೆ. ಗೋಡೆಯ ಪರದೆಯ ಮೇಲೆ ಬೋಟಿನ ಚಿತ್ರ ಬಂತು. ಹಸಿರು, ಹಳದಿ, ಮತ್ತೆ ಎಡಬದಿಯ ಆರನೆಯ ಸಾಲಿನಲ್ಲಿ ರಕ್ತದಂತೆ ಕೆಂಪಾದ ಒಂದು ಚುಕ್ಕೆ.

"ಇದು ನೋಡಿ. ದಿನಾ ಎಂಟು ಹತ್ತರಿಂದ ಎಂಟು ಇಪ್ಪತ್ತನಾಲ್ಕು. ಎಂಬತ್ತೆಂಟು ಡೆಸಿಬೆಲ್! ಮನುಷ್ಯರಾ, ಸೈರನ್ನಾ? ಯಾರು ಮಾರಾಯ್ರೆ ಇದು?" ಎಂದರು ಸಾಹೇಬರು.

ಎಡಬದಿಯ ಆರನೆಯ ಸಾಲಿನ ಕಿಟಕಿಯ ಪಕ್ಕದಲ್ಲಿ ಯಾರು ಕೂರುತ್ತಾರೆಂದು ಕೊಠಡಿಯಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಮೊದಲು ಒಬ್ಬರು ಕೆಮ್ಮಿದರು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು ನನ್ನ ಪಾಡು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ, "ಬೋಟಿನ ಕೆಲಸ ನಾನೇ ವಹಿಸಿಕೊಳ್ತೇನೆ ಸಾರ್, ಒಂದು ವಾರ ಪರೀಕ್ಷೆ ಮಾಡಿ ವರದಿ ಕೊಡ್ತೇನೆ" ಎಂದುಬಿಟ್ಟೆ.

ಮಾವನ ನೆನಪು ಆಗಲೇ ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬೋಟು ಮೌನವಾದರೆ ಅವರಿಗೆ ನನ್ನ ಮಾತು ಕೇಳುವ ಜಾಗವೇ ಇರುವುದಿಲ್ಲ. ಆದರೆ ದಕ್ಕೆಯಲ್ಲಿ ಹೇಗೂ ಅವರ ಹಳೆಯ ಜನ ಇದ್ದಾರೆ, ಅಲ್ಲಿ ಬೇಕಾದಷ್ಟು ಗದ್ದಲ ಇದೆ, ದಿನವಿಡೀ ಮಾತು ಇದೆ. ನನ್ನ ಹದಿನಾಲ್ಕು ನಿಮಿಷ ಹೋದರೆ ಏನು ಮಹಾ ಎಂದು ಸಮಾಧಾನ ಹೇಳಿಕೊಂಡೆ. ನಾಚಿಕೆ ಮುಚ್ಚಿಕೊಳ್ಳುವ ಅವಸರದಲ್ಲಿ ಮನುಷ್ಯರು ಎಂಥ ಸಮಾಧಾನವನ್ನೂ ನಂಬುತ್ತಾರೆ.

ಸೋಮವಾರ ಬೋಟಿನ ಚಾವಣಿಗೆ ಹೊಸ ಮಾದರಿಯ ಬಿಲ್ಲೆಗಳು ಬಂದವು. ಬೋಟು ದಡ ಬಿಟ್ಟ ಕೂಡಲೇ ನಮ್ಮ ಜನ ಅಭ್ಯಾಸದಂತೆ ಬಾಯಿ ತೆರೆದರು. ಎಪ್ಪತ್ತು ಬಾಯಿಗಳು ಅಗಲಕ್ಕೆ ತೆರೆದಿವೆ, ಬರುವುದು ಪಿಸುಮಾತಿಗಿಂತ ಒಂದಿಷ್ಟು ಮೇಲೆ. ಜನ ಒಬ್ಬರನ್ನೊಬ್ಬರು ನೋಡಿ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಮೊಬೈಲು ತೆಗೆದರು. ನಮ್ಮ ಹಿಂದಿನ ಸೀಟಿನಲ್ಲಿ ವಿಲ್ಮಾ ಟೀಚರ್ ಪುಸ್ತಕ ಬಿಡಿಸಿದರು. ನಾನು ಮಾವನ ಕಡೆ ಬಾಗಿ, ಪ್ರಮೀಳ ಮೂರನೆಯ ಹುಡುಗನಿಗೆ ಚಹಾ ಕೊಡುವ ಬದಲು ಅವನ ಹತ್ತಿರವೇ ಚಹಾ ಮಾಡಿಸಿದ ಕಥೆ ಶುರುಮಾಡಿದೆ.

ಮಾವನ ಮುಖ ಬಿಳಿಚಿತು. ಒಂದು ಕಿವಿಗೆ ಬೆರಳು ಹಾಕಿ ಅಲುಗಿಸಿದರು, ಮತ್ತೊಂದಕ್ಕೂ ಹಾಕಿದರು. ಉಳಿದಿದ್ದ ಚೂರು ಕಿವಿಯೂ ಇವತ್ತು ಹೋಯಿತೆಂದೇ ಅವರು ಎಣಿಸಿದ್ದು. ನಾನು ಚಾವಣಿಯ ಬಿಲ್ಲೆಯನ್ನು ತೋರಿಸಿ ಕೈಸನ್ನೆ ಮಾಡಿದೆ. ಅವರು ಬಿಲ್ಲೆಯನ್ನು ನೋಡಿದರು, ಬಿಲ್ಲೆಯ ಮೇಲಿದ್ದ ನಮ್ಮ ಕೇಂದ್ರದ ಗುರುತನ್ನು ನೋಡಿದರು, ನನ್ನನ್ನು ನೋಡಿದರು. ಅರ್ಥವಾಯಿತು ಎನ್ನುವಂತೆ ತಲೆ ಆಡಿಸಿ, ನನ್ನ ಬೆನ್ನು ತಟ್ಟಿದರು. ಸೊಸೆ ಮಾಡಿದ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಮೆಚ್ಚುಗೆ ಅದು. ನನಗೆ ಕಥೆ ಮುಂದುವರಿಸಲು ಆಗಲಿಲ್ಲ.

ಮಂಗಳವಾರ ಅವರು ಕೇಳಿದವರ ಹಾಗೆ ನಟಿಸಿದರು. ನಾನು ತುಟಿ ಅಲುಗಿಸಿದಾಗಲೆಲ್ಲ "ಹೌದಾ! ಹೌದಾ!" ಎಂದರು. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಾಗ ತೊಡೆ ತಟ್ಟಿಕೊಂಡು ನಕ್ಕರು. ಬುಧವಾರ ಕಿಟಕಿಯ ಆಚೆ ನೀರನ್ನೇ ನೋಡುತ್ತ ಕೂತರು. ಗುರುವಾರ ನಾನು ಚಪ್ಪಲಿ ಹಾಕಿಕೊಳ್ಳುವಾಗ ಮಾವ ಎದ್ದಿರಲಿಲ್ಲ. ಸ್ಲೇಟಿನ ಮೇಲೆ ಅವರ ದೊಡ್ಡ ದೊಡ್ಡ ಅಕ್ಷರ: "ದಕ್ಕೆಯ ಕೆಲಸ ಮುಗಿಯಿತು. ಇನ್ನು ಬರುವುದಿಲ್ಲ. ನೀನು ಹೋಗಿ ಬಾ ಮಗಾ."

ಆ ದಿನ ಬೋಟಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಟಿಕೇಟು ಕೊಡುವ ಇದಿನಬ್ಬರು ಬಂದು ಅದರಲ್ಲಿ ಕೂತರು. ಅವರು ಡೀಸೆಲ್ ಬೋಟಿನ ಕಾಲದಿಂದಲೂ ಇರುವವರು.

"ಪುತ್ರನ್ನರಿಗೆ ಹುಷಾರಿಲ್ಲವಾ?" ಎಂದು ಕೇಳಿದರು.

"ಹುಷಾರುಂಟು. ದಕ್ಕೆಯಲ್ಲಿ ಕೆಲಸ ಮುಗೀತಂತೆ."

"ದಕ್ಕೆಯಲ್ಲಿ ಎಂಥ ಕೆಲಸ?"

"ಅವರ ಹಳೇ ದೋಸ್ತಿಗಳು ಇದ್ದಾರಲ್ಲ, ದಿನಾ ಹೋಗಿ ಕೂತ್ಕೊಳ್ಳುದು."

ಇದಿನಬ್ಬರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾವ ದೋಸ್ತಿ ಮೇಡಂ? ನಾಲ್ಕು ಜನ ಇದ್ರು. ಕಡೆಯವ ಲೋಕಯ್ಯಣ್ಣ, ಅವ ಹೋಗಿ ಐದು ವರ್ಷ ಆಯ್ತು. ನಿಮ್ಮ ಮಾವ ಈ ಬೋಟಿಂದ ಇಳಿಯುದೇ ಇಲ್ಲ. ನೀವು ಇಳಿದು ಗೇಟು ದಾಟುವವರೆಗೆ ನೋಡ್ತಾರೆ, ಅದೇ ಬೋಟಿನಲ್ಲಿ ವಾಪಸ್ ಹೋಗ್ತಾರೆ. ನಾನು ಒಮ್ಮೆ ಕೇಳಿದೆ, ಎಂತಕ್ಕೆ ಸುಮ್ಮನೆ ಬರುದು ನೀವು ಅಂತ. ಸೊಸೆ ಮಾತಾಡ್ತಾಳೆ, ಅದಕ್ಕೆ ಬರುದು ಅಂದ್ರು."

ನಾನು ದಕ್ಕೆಯಲ್ಲಿ ಇಳಿದೆ. ಹಾರ್ನು, ಕ್ರೇನು, ಮೀನಿನ ಹರಾಜು, ಐಸ್ ಒಡೆಯುವ ಸದ್ದು. ಗೇಟಿನ ಹತ್ತಿರ ನಿಂತು ಅತ್ತುಬಿಟ್ಟೆ. ಯಾರಿಗೂ ಕೇಳಲಿಲ್ಲ, ಅಷ್ಟು ಗದ್ದಲವಿತ್ತು. ಐದು ವರ್ಷ ಒಬ್ಬ ಮನುಷ್ಯ ಹೋಗಿ ಬಂದು ಇಪ್ಪತ್ತೆಂಟು ನಿಮಿಷ ನೀರಿನ ಮೇಲೆ ಕೂತಿದ್ದು ನನ್ನ ಹರಟೆಗಾಗಿ. ನನಗೆ ಅದು ಹೊತ್ತು ಕಳೆಯುವ ಮಾತಾಗಿತ್ತು, ಅವರಿಗೆ ದಿನದ ಒಟ್ಟು ಮಾತೇ ಅದಾಗಿತ್ತು. ಅದನ್ನು ನನ್ನ ಕೈಯಾರೆ ಒರೆಸಿಹಾಕಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಕಚೇರಿಯಲ್ಲಿ ಶೆಣೈ ಸಾಹೇಬರು ಖುಷಿಯಾಗಿದ್ದರು. "ದೂರು ಸೊನ್ನೆ! ನೀವು ವರದಿಗೆ ಸಹಿ ಹಾಕಿದ್ರೆ ಒಂದನೇ ತಾರೀಕಿಂದ ಕಾಯಂ ಮಾಡುವ" ಎಂದರು.

"ಸಹಿ ಹಾಕುದಿಲ್ಲ ಸಾರ್."

"ಯಾಕೆ? ಯಂತ್ರದಲ್ಲಿ ತೊಂದರೆ ಉಂಟಾ?"

"ಯಂತ್ರದಲ್ಲಿ ಇಲ್ಲ. ಪಟ್ಟಿಯಲ್ಲಿ ಉಂಟು. ಮಗು ಅಳುದಕ್ಕೆ ವಿನಾಯಿತಿ ಕೊಟ್ಟೆವು. ಗುಡುಗಿಗೆ ಕೊಟ್ಟೆವು. ಕಿವಿ ಕೇಳದವರ ಹತ್ತಿರ ಜೋರಾಗಿ ಮಾತಾಡುದಕ್ಕೆ ಕೊಡ್ಲಿಲ್ಲ. ಆ ಪಟ್ಟಿ ನಾನು ಬರ್ದದ್ದು. ತಪ್ಪು ನಂದು."

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಹೇಗೆ ಕೊಡುದು ಹರಿಣಾಕ್ಷಿ? ಆಂಬುಲೆನ್ಸಿನ ಸದ್ದನ್ನು ಬಿಲ್ಲೆ ಗುರುತು ಹಿಡೀತದೆ. ಒಬ್ಬ ಹೆಂಡತಿಗೆ ಬೈತಾ ಇದ್ದಾನಾ, ಕಿವಿ ಕೇಳದ ಅಮ್ಮನಿಗೆ ಮದ್ದು ಬೇಕಾ ಅಂತ ಕೇಳ್ತಾ ಇದ್ದಾನಾ, ಬಿಲ್ಲೆಗೆ ಹೇಗೆ ಗೊತ್ತಾಗಬೇಕು?"

"ಮಾತಾಡುವವರನ್ನು ಗುರುತು ಹಿಡಿಯುದು ಬೇಡ ಸಾರ್. ಕೇಳುವವರನ್ನು ಹಿಡಿದ್ರೆ ಸಾಕು" ಎಂದೆ. ಬಾಯಿಂದ ಬಂದ ಮೇಲೆಯೇ ಅದು ಸಾಧ್ಯವೆಂದು ನನಗೂ ಹೊಳೆದದ್ದು.

ಮೂರು ವಾರ ಹಿಡಿಯಿತು. ಆ ಮೂರು ವಾರ ಬೋಟಿನ ಬಿಲ್ಲೆಗಳು ಪರೀಕ್ಷೆಯ ಹೆಸರಿನಲ್ಲಿ ನಡೆಯುತ್ತಲೇ ಇದ್ದವು, ಮಾವ ಜಗಲಿಯಲ್ಲಿ ಕೂತೇ ಇದ್ದರು. ನಾನು ಮಾಡಿದ್ದು ಒಂದು ಮಣಿ, ಕಡಲೆಕಾಳಿನಷ್ಟು ದೊಡ್ಡದು. ಮನುಷ್ಯರ ಕಿವಿಗೆ ಕೇಳದ ಒಂದು ಸಣ್ಣ ಸ್ವರವನ್ನು ಅದು ಸದಾ ಹೊರಡಿಸುತ್ತದೆ. ಹೊಸ ಮಾದರಿಯ ಬಿಲ್ಲೆ ಆ ಸ್ವರ ಕೇಳಿದರೆ, ಮಣಿಯ ಸುತ್ತ ಎರಡು ಮಾರು ಜಾಗವನ್ನು ಮುಟ್ಟುವುದಿಲ್ಲ. ಅದರೊಳಗೆ ಕೂಗಿದ್ದು ಕೂಗಿದ ಹಾಗೇ ಕೇಳುತ್ತದೆ. ಎರಡು ಮಾರು ದಾಟಿದ ಕ್ಷಣ, ಮಾತು ತಿಳಿಯದಷ್ಟು ಮೆಲ್ಲಗಾಗುತ್ತದೆ. ಮೊದಲ ಮಣಿಯಲ್ಲಿ ಎರಡು ಮಾರು ಹೋಗಿ ಎರಡು ಬೀದಿ ಆಗಿತ್ತು. ಪರೀಕ್ಷೆಗೆಂದು ನಿಲ್ಲಿಸಿದ್ದ ಬೋಟಿನಲ್ಲಿ ಅದನ್ನು ಹಚ್ಚಿದಾಗ ಬೋಟಿನ ಆಚೆ ತುದಿಯಲ್ಲಿ ಮಲಗಿದ್ದ ನಾಯಿಯೊಂದಕ್ಕೆ ಆರು ವರ್ಷದ ನಂತರ ತನ್ನ ಸ್ವರ ಪೂರ್ತಿಯಾಗಿ ಕೇಳಿತು. ಪಾಪ, ಹೆದರಿ ದಡಕ್ಕೆ ಹಾರಿ, ಅಲ್ಲಿದ್ದ ದೋಣಿಯ ಅಡಿಗೆ ಓಡಿತು.

ಮನೆಗಳ ಬಿಲ್ಲೆಗಳು ಹಳೆಯ ಮಾದರಿಯವು, ಅವಕ್ಕೆ ಮಣಿಯ ಭಾಷೆ ಬರುವುದಿಲ್ಲ. ಅವನ್ನು ಬದಲಿಸಲು ಮಳೆಗಾಲ ಕಳೆಯಬೇಕು. ಸದ್ಯಕ್ಕೆ ಬೋಟೇ ಗತಿ.

ಒಂದು ಬೆಳಿಗ್ಗೆ ವಿಲ್ಮಾ ಟೀಚರ್ ಬಂದು ನನ್ನ ಪಕ್ಕದಲ್ಲಿ ಕೂತರು. ಪುಸ್ತಕ ಮಡಿಲಲ್ಲಿತ್ತು, ಬಿಡಿಸಿರಲಿಲ್ಲ. ಎಷ್ಟೋ ಹೊತ್ತು ಹಿಂದೆ ಮುಂದೆ ನೋಡಿ, ಕೊನೆಗೆ ನನ್ನ ಕಡೆ ಬಾಗಿದರು.

"ತಪ್ಪು ತಿಳ್ಕೊಬೇಡಿ. ಆ ಪ್ರಮೀಳ, ಹುಡುಗನ ಹತ್ರ ಚಹಾ ಮಾಡಿಸಿದ್ಲಲ್ಲ.. ಮತ್ತೆ ಎಂತಾಯ್ತು?"

"ನಿಮಗೆ ಹೇಗೆ ಗೊತ್ತು ಟೀಚರ್?"

"ಒಂದು ವರ್ಷದಿಂದ ನಿಮ್ಮ ಮನೆ ಸುದ್ದಿ ಪೂರಾ ಕೇಳಿದ್ದೇನೆ ಅಲ್ವಾ. ಕೇಳ್ಬೇಕು ಅಂತಲ್ಲ, ಕೇಳ್ತಿತ್ತು. ಬೈದುಕೊಂಡೇ ಕೇಳ್ತಿದ್ದೆ. ಈಗ ಪುಸ್ತಕ ಹಿಡಿದ್ರೆ ಆ ಹುಡುಗಿಯದ್ದೇ ಯೋಚನೆ. ಆ ಮೊದಲ ಸೋಮವಾರ ಅರ್ಧದಲ್ಲಿ ನಿಲ್ಲಿಸಿದ್ರಿ ನೀವು." ಆಮೇಲೆ ಸ್ವರ ಇನ್ನೂ ತಗ್ಗಿಸಿ, "ನಿಮ್ಮ ಮಾವ ಬರುದಿಲ್ಲ ಯಾಕೆ ಅಂತ ಇದಿನಬ್ಬರು ಹೇಳಿದ್ರು. ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆ ಕಾಗದ ಬರೀತಿರ್ಲಿಲ್ಲ" ಎಂದರು. ಅವರ ಕಣ್ಣು ತುಂಬಿತ್ತು. ತಪ್ಪು ನಿಮ್ಮದಲ್ಲ ಟೀಚರ್, ನನ್ನದು ಎಂದೆ. ಪ್ರಮೀಳ ಆ ಚಹಾ ಕುಡಿದು, ಸಕ್ಕರೆ ಜಾಸ್ತಿ ಎಂದು ಹೇಳಿ, ಹುಡುಗನನ್ನು ಒಪ್ಪಿಕೊಂಡ ಸುದ್ದಿಯನ್ನೂ ಹೇಳಿದೆ.

ಮಣಿ ಸಿದ್ಧವಾದ ಸಂಜೆ, ಜಯಾನಂದ ಪಾಳಿಗೆ ಹೊರಡುವ ಮೊದಲು ಅವನ ಮುಂದೆ ಎಲ್ಲವನ್ನೂ ಹೇಳಿದೆ. ಇದಿನಬ್ಬರು ಹೇಳಿದ್ದು, ಮಾವ ಇಳಿಯದೆ ವಾಪಸಾಗುತ್ತಿದ್ದದ್ದು, ಎರಡು ಮಾರು, ಆಚೆಯವರಿಗೆ ಏನೂ ಕೇಳದಿರುವುದು. ಅವನು ಚಹಾ ಕುಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. "ಆಚೆಯವರಿಗೆ ನಿಜವಾಗಿ ಕೇಳುದಿಲ್ಲವಾ?" ಎಂದಷ್ಟೇ ಕೇಳಿ, ಬ್ಯಾಗು ಹೆಗಲಿಗೆ ಹಾಕಿ ಹೊರಟುಹೋದ.

ಮಾವನನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. "ನಾಳೆ ಬೋಟಿಗೆ ಬನ್ನಿ" ಎಂದು ಬರೆದೆ. "ನಿನ್ನ ಕೆಲಸಕ್ಕೆ ನಾನು ಅಡ್ಡ ಬರುದು ಬೇಡ ಮಗಾ" ಎಂದರು. ಮಣಿ ತೋರಿಸಿದೆ. "ನಾನು ಎಂತ ದನವಾ, ಕೊರಳಿಗೆ ಗಂಟೆ ಕಟ್ಲಿಕ್ಕೆ?" ಎಂದರು. ಕೊನೆಗೆ ಸ್ಲೇಟು ಪೂರ್ತಿ ಒರೆಸಿ ಬರೆದೆ: "ಹೊಸ ಯಂತ್ರ. ಪರೀಕ್ಷೆ ಮಾಡಬೇಕು. ಎಂಜಿನ್ ಗೊತ್ತಿರುವವರು ಬೇಕು." ಮಾವ ಅದನ್ನು ಎರಡು ಸಲ ಓದಿದರು. ಬೆಳಿಗ್ಗೆ ನಾನು ಏಳುವ ಮೊದಲೇ ತಲೆಗೆ ಎಣ್ಣೆ ಹಚ್ಚಿ, ಬಿಳಿ ಅಂಗಿ ಹಾಕಿ ಜಗಲಿಯಲ್ಲಿ ತಯಾರಾಗಿ ಕೂತಿದ್ದರು.

ಎಂಟು ಹತ್ತರ ಬೋಟು ಬಂತು. ರಾತ್ರಿ ಪಾಳಿಯವರು ಒಬ್ಬೊಬ್ಬರಾಗಿ ಇಳಿದರು. ಜಯಾನಂದ ಇಳಿಯಲಿಲ್ಲ. ಹತ್ತಿ ನೋಡಿದರೆ ಎಡಬದಿಯ ಆರನೆಯ ಸಾಲಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪರೀಕ್ಷೆಗೆಂದು ಸುತ್ತಲಿನ ಸೀಟುಗಳನ್ನು ಇದಿನಬ್ಬರು ಖಾಲಿ ಇಡಿಸಿದ್ದರು. ಮಾವನನ್ನು ಅವನ ಪಕ್ಕದಲ್ಲಿ ಕೂರಿಸಿ, ಮಣಿಯ ದಾರವನ್ನು ಕೊರಳಿಗೆ ಹಾಕಿ, ಅಳತೆಯ ಯಂತ್ರ ಹಿಡಿದು ಎದುರಿನ ಸೀಟಿನಲ್ಲಿ ಕೂತೆ. ಬೋಟು ದಡ ಬಿಟ್ಟಿತು.

"ಮಾವಾ! ಕೇಳ್ತದಾ?" ಎಂದು ಕೂಗಿದೆ. ನನ್ನದೇ ಸ್ವರ ನನ್ನ ಕಿವಿಗೆ ಬಡಿಯಿತು.

ಮಾವ ಬೆಚ್ಚಿದರು. ಆಮೇಲೆ ಮುಖವೆಲ್ಲ ಅರಳಿತು. "ಕೇಳ್ತದೆ! ಎಂಥ ಯಂತ್ರ ಮಾರಾಯ್ತಿ!" ಎಂದು ಮಣಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಎಂಜಿನ್ನಿನ ಭಾಗವೊಂದನ್ನು ನೋಡುವ ಹಾಗೆ ತಿರುಗಿಸಿ ನೋಡಿದರು. ನಾಲ್ಕು ಸಾಲು ಹಿಂದೆ ಕೂತಿದ್ದ ವಿಲ್ಮಾ ಟೀಚರ್ ತಲೆ ಕೂಡ ಎತ್ತಲಿಲ್ಲ. ಅಳತೆ ಸರಿ ಇತ್ತು. ನನ್ನ ಕೆಲಸ ಅಷ್ಟಕ್ಕೆ ಮುಗಿದಿತ್ತು.

ಆಗ ಜಯಾನಂದ ಅಪ್ಪನ ಕಡೆ ಪೂರ್ತಿ ತಿರುಗಿದ. ಅವನ ಕುತ್ತಿಗೆಯ ನರ ಉಬ್ಬಿತು. ಹನ್ನೊಂದು ವರ್ಷದ ಸಂಸಾರದಲ್ಲಿ ಅವನು ಸ್ವರ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಪ್ಪಾ! ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು! ಅಮ್ಮನದ್ದು!"

ಮಾವ ಮಣಿ ಬಿಟ್ಟರು.

"ಆ ದಿನ ಆಸ್ಪತ್ರೆಯಿಂದ ನೀವು ಬಟ್ಟೆ ತರ್ಲಿಕ್ಕೆ ಮನೆಗೆ ಹೋಗಿದ್ರಿ! ನೀವು ವಾಪಸ್ ಬರುವಾಗ ಅಮ್ಮ ಹೋಗಿ ಆಗಿತ್ತು! ಅದಕ್ಕಿಂತ ಮೊದಲು ಒಮ್ಮೆ ಕಣ್ಣು ಬಿಟ್ಟಿದ್ರು! ನಿಮ್ಮನ್ನು ಕೇಳಿದ್ರು! ನಂಗೆ ಆಗ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಆಮೇಲೆ ಈ ಕಂಬ ಬಂತು. ಸ್ಲೇಟಲ್ಲಿ ಎಷ್ಟೋ ಸಲ ಬರ್ದೆ ಅಪ್ಪ, ಒರೆಸಿದೆ! ಅದು ಬರ್ದು ತೋರಿಸುವ ಮಾತಲ್ಲ!"

"ಎಂತ ಕೇಳಿದ್ಲು?" ಎಂದರು ಮಾವ.

"ನಿಮಗೆ ಊಟ ಆಯ್ತಾ ಅಂತ ಕೇಳಿದ್ರು!"

ಬೋಟು ನಡುಹೊಳೆಯಲ್ಲಿತ್ತು. ಸುತ್ತ ಎಪ್ಪತ್ತು ಜನ ಮೊಬೈಲು ನೋಡುತ್ತ, ತೂಕಡಿಸುತ್ತ ಕೂತಿದ್ದರು. ಯಾರಿಗೂ ಏನೂ ಕೇಳಿಸಲಿಲ್ಲ. ಮಾವ ಮಗನ ಕಡೆ ಬಾಗಿದರು.

"ನೀನು ಎಂತ ಹೇಳಿದ್ದಿ?"

"ಆಯ್ತು ಅಂತ ಹೇಳಿದೆ!"

"ಆಗಿರ್ಲಿಲ್ಲ" ಎಂದರು ಮಾವ. "ಬಟ್ಟೆ ಹಿಡ್ಕೊಂಡು ಬೋಟಿಗೆ ಓಡುವಾಗ ಎಲ್ಲಿಯ ಊಟ. ಆದ್ರೆ ನೀನು ಆಯ್ತು ಅಂದದ್ದು ಒಳ್ಳೆದಾಯ್ತು ಮಗಾ. ಇಲ್ಲದಿದ್ರೆ ಅವಳು ಎದ್ದು ಅಡಿಗೆ ಮಾಡ್ಲಿಕ್ಕೆ ಹೋಗ್ತಿದ್ಲು."

ಅಪ್ಪ ಮಗ ಇಬ್ಬರೂ ನಕ್ಕರು. ನಗುತ್ತ ನಗುತ್ತ ಜಯಾನಂದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಾವ ಅವನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡು, "ಮತ್ತೆ? ಮತ್ತೆ ಎಂತ ಹೇಳಿದ್ಲು? ಜೋರಾಗಿ ಹೇಳು" ಎನ್ನುತ್ತಿದ್ದರು.

ದಕ್ಕೆ ಬಂತು. ನನಗೆ ಕಚೇರಿಗೆ ಹೊತ್ತಾಗಿತ್ತು, ವರದಿಗೆ ಸಹಿ ಹಾಕುವುದು ಬಾಕಿ ಇತ್ತು. ನಾನು ಇಳಿದೆ. ಅವರಿಬ್ಬರು ಇಳಿಯಲಿಲ್ಲ.